ರಾಷ್ಟ್ರೀಯ ಡಿಮೆನ್ಷಿಯಾ ನೋಂದಣಿ: ಋಣ ಸ್ಮರಣೆಯ ಕೆಲವು ಮಾತು

ನಮ್ಮ ರಾಷ್ಟ್ರೀಯ ಜಾಲದ ಎಲ್ಲ ಮೆಮೊರಿ ಕ್ಲಿನಿಕ್‌ಗಳೂ ಈ ವಾರದಿಂದ ಒಂದೇ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತ ಹೋಗುವ ಕಾಯಿಲೆ) ನೋಂದಣಿಗೆ ಮಾಹಿತಿ ಸೇರಿಸತೊಡಗಿವೆ. ಕಾಯಿಲೆ ಪತ್ತೆಯಾಗಲು ಎಷ್ಟು ಕಾಲ ಹಿಡಿಯಿತು, ಪತ್ತೆಯಾದ ಮೇಲೆ ಯಾವ ನೆರವು ಸಿಕ್ಕಿತು ಎಂಬುದನ್ನು ಇನ್ನು ಎಲ್ಲೆಡೆ ಒಂದೇ ಅಳತೆಯಲ್ಲಿ ನೋಡಬಹುದು. ಇದು ರೂಪುಗೊಂಡ ಬಗೆಯನ್ನು ನೀವೆಲ್ಲ ಬಲ್ಲಿರಿ. ಅದನ್ನು ಮತ್ತೆ ವಿವರಿಸುವುದಿಲ್ಲ.

ತಮ್ಮ ಹಳೆಯ ನಮೂನೆಗಳನ್ನು ಬಿಟ್ಟುಕೊಟ್ಟ ನರರೋಗ ತಜ್ಞರು, ಮನೋವೈದ್ಯರು, ಸಂಖ್ಯಾಶಾಸ್ತ್ರಜ್ಞರು, ನೈತಿಕ ಸಮಿತಿಯ ಸದಸ್ಯರು ಮತ್ತು ಅನುದಾನ ನೀಡಿದವರೆಲ್ಲರಿಗೂ ಹೃತ್ಪೂರ್ವಕ ವಂದನೆಗಳು.

ಆದರೆ ನಮ್ಮ ಸಂಶೋಧನಾ ತಂಡದ ನರ್ಸ್ ಒಬ್ಬರ ಋಣ ಒಂದು ಸಾಲಿನಲ್ಲಿ ತೀರುವಂಥದ್ದಲ್ಲ. ಹೆಸರು ಬೇಡವೆಂದು ಕೇಳಿಕೊಂಡಿರುವ ಅವರು ನಮಗೆಲ್ಲ ಸಿಸ್ಟರ್. ಅಧ್ಯಯನಕ್ಕೆ ಸೇರಿದ್ದ ಹಿರಿಯರೊಬ್ಬರು ಸೋಂಕಿನಿಂದ ಡೆಲಿರಿಯಂಗೆ, ಅಂದರೆ ಹಠಾತ್ತನೆ ಬರುವ ತೀವ್ರ ಮನೋಗೊಂದಲಕ್ಕೆ, ಒಳಗಾಗಿ, ಹೆಂಡತಿಯ ಗುರುತೂ ಹತ್ತದೆ ವಾರ್ಡಿನಲ್ಲಿ ಕೂಗಾಡಿದ ಆ ರಾತ್ರಿ, ಪಾಳಿ ಮುಗಿದಿದ್ದರೂ ಸಿಸ್ಟರ್ ಮನೆಗೆ ಹೋಗಲಿಲ್ಲ. ಕಣ್ಣು ಕುಕ್ಕುವ ದೀಪ ಆರಿಸಿದರು, ಕನ್ನಡಕವನ್ನೂ ಶ್ರವಣಯಂತ್ರವನ್ನೂ ಹುಡುಕಿ ತೊಡಿಸಿದರು, ಕೈಕಾಲು ಕಟ್ಟುವ ಮಾತೆತ್ತಿದಾಗ ಖಂಡಿತ ಬೇಡವೆಂದರು, ಬೆಳಗಿನವರೆಗೂ ಪಕ್ಕದಲ್ಲೇ ಕುಳಿತು ಮೆಲುದನಿಯಲ್ಲಿ ಮಾತನಾಡಿಸುತ್ತಲೇ ಇದ್ದರು. ನಡುರಾತ್ರಿಯ ಹೊತ್ತಿಗೆ ಅವರ ಹೆಂಡತಿ, "ಇವರ ಬಗ್ಗೆ ಎಷ್ಟೆಲ್ಲ ಕೇಳಿ ಬರೆದುಕೊಂಡಿರಿ. ನಾನು ನಿದ್ದೆ ಮಾಡಿ ಎಷ್ಟು ದಿನವಾಯಿತೆಂದು ಯಾರೂ ಕೇಳಲಿಲ್ಲವಲ್ಲ" ಎಂದರು. ಅಲ್ಲಿದ್ದ ನನಗೆ ಅಳು ತಡೆಯಲಾಗಲಿಲ್ಲ. ಸಿಸ್ಟರ್ ಮಾತ್ರ ಕುರ್ಚಿ ಹತ್ತಿರಕ್ಕೆಳೆದು, "ಈಗ ಹೇಳಿ ಅಮ್ಮಾ" ಎಂದರು.

ಆ ಮಾತನ್ನು ಅವರು ಮುಂದಿನ ಸಭೆಗೆ ತಂದರು. ಪ್ರಶ್ನಾವಳಿ ಉದ್ದವಾದರೆ ಕ್ಲಿನಿಕ್‌ಗಳು ಹಿಂಜರಿಯುತ್ತವೆ ಎಂಬ ಆಕ್ಷೇಪ ಬಂತು, ಅದರಲ್ಲಿ ಹುರುಳೂ ಇತ್ತು. ಸಿಸ್ಟರ್ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಗಳನ್ನು ಮುಂದಿಟ್ಟರು: ಆಪ್ತರು ದಿನಕ್ಕೆ ಸರಾಸರಿ 5 ಗಂಟೆ ಆರೈಕೆಗೆ ಕೊಡುತ್ತಾರೆ, 2019ರಲ್ಲಿ ಡಿಮೆನ್ಷಿಯಾದಿಂದ ಜಗತ್ತಿನ ಮೇಲೆ ಬಿದ್ದ 1.3 ಲಕ್ಷ ಕೋಟಿ ಡಾಲರ್ ಹೊರೆಯಲ್ಲಿ ಸುಮಾರು ಅರ್ಧದಷ್ಟು ಇವರ ದುಡಿಮೆಯ ಬೆಲೆಯೇ. ಜೊತೆಗೆ, ಕಾಯಿಲೆ ಬಲಿತಂತೆ ಸ್ವತಃ ಒಪ್ಪಿಗೆ ನೀಡುವ ಶಕ್ತಿ ಕುಂದುವುದರಿಂದ, ರೋಗಿಯ ಇಷ್ಟಾನಿಷ್ಟಗಳನ್ನು ಸಂಶೋಧಕರಿಗೆ ತಿಳಿಸುವವರೂ ಇವರೇ ಎಂದು ನೆನಪಿಸಿದರು. ಆರೈಕೆ ಮಾಡುವವರ ನಿದ್ದೆ, ಆರೋಗ್ಯ, ಅಪರಾತ್ರಿಯಲ್ಲಿ ಅವರಿಗೆ ಸಿಗುವ ನೆರವು ಇವೆಲ್ಲ ಈಗ ನೋಂದಣಿಯ ಭಾಗವಾಗಿರುವುದು ಅವರು ಪಟ್ಟು ಬಿಡದಿದ್ದುದರಿಂದ.

ಆ ತಾಯಿ, ಪತಿ ತೀರಿಕೊಂಡ ಮೇಲೂ, ನಮ್ಮ ಸಲಹಾ ಮಂಡಳಿಯಲ್ಲಿ ಉಳಿದು ಪ್ರಶ್ನಾವಳಿಯ ಕೊನೆಯ ಕರಡನ್ನು ತಿದ್ದಿಕೊಟ್ಟರು. ಅವರಿಗೂ, ತಮ್ಮ ಕಷ್ಟದ ನಡುವೆ ನಮಗೆ ಉತ್ತರಿಸಿದ ಎಲ್ಲ ಕುಟುಂಬಗಳಿಗೂ ನಾನು ಋಣಿ. ಮೊದಲ ವರದಿ ಕ್ಲಿನಿಕ್‌ಗಳಿಗಿಂತ ಮೊದಲು ನಿಮ್ಮ ಕೈ ಸೇರಲಿದೆ.