ಸಂದರ್ಶನಕ್ಕೆ ಸ್ಲೈಡ್ ಸಾಲದು, ರೂಢಿ ಬೇಕು

ಮಾನ್ಯರೇ,

ಉಡುಪಿ, ಮಂಗಳೂರಿನ ಹಲವು ಕಾಲೇಜುಗಳಲ್ಲಿ ಉದ್ಯೋಗ ಸಂದರ್ಶನದ ತಯಾರಿ ಎಂದರೆ ಅಂತಿಮ ವರ್ಷದ ಕೊನೆಗೆ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ ಮಾಡುವ ಒಂದು ಗಂಟೆಯ ಭಾಷಣ ಎಂದಾಗಿದೆ. ಅದರಲ್ಲಿ ಒಂದು ಸ್ಲೈಡ್ ತಪ್ಪದೆ ಬರುತ್ತದೆ: ಮಾತಿನ ಪ್ರಭಾವ ಶೇ. 7, ದನಿಯದು ಶೇ. 38, ಹಾವಭಾವದ್ದು ಶೇ. 55. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹುಟ್ಟಿದ ಲೆಕ್ಕ ಇದು. ಅಲ್ಲಿ ಪರೀಕ್ಷೆಗೆ ಬಳಸಿದ್ದು ಬಿಡಿ ಪದಗಳನ್ನು. ಅಳೆದದ್ದು ಹೇಳುವವರಲ್ಲಿ ಇಷ್ಟವಿದೆಯೋ ಇಲ್ಲವೋ ಎಂಬುದನ್ನು. ಉದ್ಯೋಗ ಸಂದರ್ಶನಕ್ಕೆ ಅದನ್ನು ತಂದು ಅಂಟಿಸುವುದು ತಪ್ಪು. ಬ್ಯಾಲೆನ್ಸ್ ಶೀಟ್ ಓದಲು ಬಾರದವರನ್ನು ನೆಟ್ಟಗಿನ ಬೆನ್ನು ಕಾಪಾಡುವುದಿಲ್ಲ. ಗೊತ್ತಿರುವ ಉತ್ತರಕ್ಕೆ ದೇಹ ಅಡ್ಡ ಬರಬಾರದು, ಅಷ್ಟೇ.

ನಮ್ಮ ಮಕ್ಕಳಿಗೆ ಹೆಚ್ಚು ಅಡ್ಡ ಬರುವುದು ಕಣ್ಣು. ಹಿರಿಯರ ಎದುರು ತಲೆ ತಗ್ಗಿಸಿ ಕೈಕಟ್ಟಿ ನಿಲ್ಲುವುದು ಮನೆಯಲ್ಲೂ ಶಾಲೆಯಲ್ಲೂ ಕಲಿತ ಮರ್ಯಾದೆ. ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದ ಸಂದರ್ಶಕರಿಗೆ ಅದೇ ಅಳುಕಿನಂತೆ, ಕೆಲವೊಮ್ಮೆ ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ. 'ಕಣ್ಣಲ್ಲಿ ಕಣ್ಣಿಟ್ಟು ನೋಡು' ಎಂದು ತಿದ್ದಿದರೆ ದುರುಗುಟ್ಟಿ ನೋಡುತ್ತಾರೆ. ಪ್ರಶ್ನೆ ಕೇಳಿಸಿಕೊಳ್ಳುವಾಗ ಕೇಳುವವರ ಮುಖ ನೋಡಿದರೆ ಸಾಕು. ಯೋಚಿಸುವಾಗ ದೃಷ್ಟಿ ಪಕ್ಕಕ್ಕೆ ಸರಿದರೆ ತಪ್ಪಿಲ್ಲ. ಉತ್ತರದ ಮೊದಲ ವಾಕ್ಯ ಪ್ರಶ್ನೆ ಕೇಳಿದವರಿಗೆ, ಮುಂದಿನದು ಉಳಿದವರಿಗೆ ತಲಾ ಮೂರು ನಾಲ್ಕು ಸೆಕೆಂಡು, ಮುಗಿಸುವುದು ಮತ್ತೆ ಕೇಳಿದವರನ್ನು ನೋಡಿಯೇ. ತೀರಾ ಮುಜುಗರವಾದರೆ ಹುಬ್ಬುಗಳ ನಡುವೆ ನೋಡಬಹುದು. ಮೇಜಿನಾಚೆ ಕೂತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಕುರ್ಚಿಯ ತುದಿಯಲ್ಲಿ ಕೂತವರ ಹಿಮ್ಮಡಿ ತಾನಾಗಿ ಮೇಲೇಳುತ್ತದೆ, ಭಾರ ಮುಂಗಾಲಿಗೆ ಬಿದ್ದು ಮೊಣಕಾಲು ಕುಣಿಯತೊಡಗುತ್ತದೆ. ಸೊಂಟ ಕುರ್ಚಿಯ ಬೆನ್ನಿಗೆ ತಾಗಿ, ಎರಡೂ ಪಾದ ಪೂರ್ತಿ ನೆಲಕ್ಕೂರಿದರೆ ಆ ಕುಣಿತ ಬಹುಮಟ್ಟಿಗೆ ನಿಲ್ಲುತ್ತದೆ. ಫೈಲನ್ನು ಎದೆಗೆ ಅವಚಿಕೊಳ್ಳದೆ ತೊಡೆಯ ಮೇಲಿಡಿ. ಪೆನ್ನು ಕಿಸೆಯಲ್ಲೇ ಇರಲಿ, ಕೈಗೆ ಬಂದರೆ ಬೆರಳು ಅದನ್ನು ಟಿಕ್ ಟಿಕ್ ಎನ್ನಿಸದೆ ಬಿಡದು. ಕೈಗಳನ್ನು ಮೇಜಿನಡಿ ಬಿಗಿದು ಹೆಣೆದುಕೊಂಡವರ ಮಾತೂ ತಡವರಿಸುತ್ತದೆ. ಅವು ಕಾಣುವಂತೆ ಸಡಿಲವಾಗಿರಲಿ.

ಕರಾವಳಿಯ ಸೆಕೆಯಲ್ಲಿ ಬಸ್ಸಿಳಿದು ನೇರ ಎಸಿ ಕೋಣೆಗೆ ನುಗ್ಗಿದರೆ ಬೆವರು ತಣ್ಣಗಾಗಿ ಅಂಗೈ ಅಂಟಂಟಾಗುತ್ತದೆ. ಅರ್ಧ ಗಂಟೆ ಮೊದಲೇ ತಲುಪಿ, ಮಣಿಕಟ್ಟಿನವರೆಗೆ ತಣ್ಣೀರಲ್ಲಿ ತೊಳೆದು, ಹತ್ತಿಯ ಕರವಸ್ತ್ರವನ್ನು ಬಲಗಿಸೆಯಲ್ಲಿಟ್ಟುಕೊಳ್ಳಿ. ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡಿ. ಐದಾರು ಸಲ ಹೀಗೆ ಮಾಡಿದರೆ ಎದೆಬಡಿತ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ಸೋರುವ ಕೊಡೆ ಹೊರಗಿರಲಿ, ಚೀಲದಲ್ಲಿ ಒಣ ಕಾಲುಚೀಲ ಇರಲಿ. ಸಂದರ್ಶಕರು ಕೈ ಚಾಚಿದರೆ ಹೆಬ್ಬೆರಳಿನ ಬುಡಕ್ಕೆ ಬುಡ ತಾಗುವಂತೆ ಹಿಡಿದು ಎರಡು ಸಲ ಕುಲುಕಿ ಬಿಡಿ. ಚಾಚದಿದ್ದರೆ ನಮಸ್ಕಾರವೇ ಚೆಂದ.

ವೀಡಿಯೊ ಸಂದರ್ಶನದ ಎಡವಟ್ಟೇ ಬೇರೆ. ಮೊಬೈಲನ್ನು ಸ್ಟೀಲ್ ಚೆಂಬಿಗೆ ಒರಗಿಸಿದರೆ ಆಚೆಯವರಿಗೆ ಕಾಣುವುದು ಮೂಗಿನ ಹೊಳ್ಳೆ ಮತ್ತು ತಿರುಗುವ ಫ್ಯಾನು. ನಾಲ್ಕೈದು ದಪ್ಪ ಪುಸ್ತಕ ಪೇರಿಸಿ ಲೆನ್ಸನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ, ಎದುರಿಗಿರಲಿ. ಉತ್ತರಿಸುವಾಗ ಪರದೆಯಲ್ಲಿನ ಮುಖವನ್ನಲ್ಲ, ಲೆನ್ಸನ್ನು ನೋಡಬೇಕು. ಹೌದೆನ್ನಲು ನಾವು ತಲೆಯನ್ನು ಅತ್ತಿತ್ತ ಓಲಾಡಿಸುವುದು ಹೊರದೇಶದವರಿಗೆ 'ಇಲ್ಲ' ಎಂದೇ ತೋರಬಹುದು, ಆದ್ದರಿಂದ ಬಾಯಿಬಿಟ್ಟು 'ಎಸ್' ಎನ್ನಿ.

ಇದೊಂದೂ ಭಾಷಣ ಕೇಳಿ ಬರುವುದಿಲ್ಲ. ಕಾಲೇಜುಗಳು ಮೊದಲ ವರ್ಷದಿಂದಲೇ ಹತ್ತು ಮಂದಿಯ ಗುಂಪು ಮಾಡಲಿ. ಒಬ್ಬೊಬ್ಬರಿಗೆ ಮೂರು ನಿಮಿಷದ ಪ್ರಶ್ನೋತ್ತರ, ಅದರ ಮೊಬೈಲ್ ಚಿತ್ರೀಕರಣ, ಮತ್ತೆರಡು ನಿಮಿಷ ದನಿ ನಿಲ್ಲಿಸಿ ಅದರ ಒಂದಷ್ಟನ್ನು ನೋಡುವುದು. ಒಟ್ಟು 50 ನಿಮಿಷ, ಒಂದು ಪೀರಿಯಡ್ ಸಾಕು. ದನಿಯಿಲ್ಲದಾಗ ತಮ್ಮ ಮೊಣಕಾಲು, ಬೆರಳು, ಕಣ್ಣು ಅವರಿಗೇ ಕಾಣುತ್ತವೆ. ಸಂದರ್ಶಕರಲ್ಲೂ ಒಂದು ವಿನಂತಿ: ಊರು, ಓದಿನ ಬಗ್ಗೆ ಎರಡು ಸುಲಭ ಪ್ರಶ್ನೆ ಮೊದಲು ಕೇಳಿ, ತಗ್ಗಿದ ತಲೆ ಏಳುವವರೆಗೆ ಅಂಕ ಬರೆಯಬೇಡಿ.

– ಪ್ಲೇಸ್‌ಮೆಂಟ್ ತರಬೇತುದಾರರು, ಉಡುಪಿ