12 ವೋಲ್ಟಿನ 'ಎಲೆಕ್ಟ್ರಿಕ್ ಟರ್ಬೊ' ಯಾರೂ ತಗೊಳ್ಳಬೇಡಿ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ಓಡಾಡುತ್ತಿರುವ 'ಎಲೆಕ್ಟ್ರಿಕ್ ಟರ್ಬೊ' ಲಿಂಕ್ ನೋಡಿ ಆರ್ಡರ್ ಮಾಡಬೇಡಿ. ಅದು ಟರ್ಬೊ ಅಲ್ಲ ಮಾರಾಯ್ರೆ, ಏರ್ ಫಿಲ್ಟರ್ ಪೈಪಿಗೆ ಸಿಕ್ಕಿಸುವ ಸಣ್ಣ ಫ್ಯಾನ್.

ನಿಜವಾದ ಟರ್ಬೊ ಬೇರೆಯೇ: ಎಂಜಿನ್ ಹೊಗೆಯ ಬಲದಿಂದ ಟರ್ಬೈನ್ ಎಂಬ ಚಕ್ರ ತಿರುಗಿ, ಎಂಜಿನ್ ಒಳಗೆ ಹೆಚ್ಚು ಗಾಳಿ ತುಂಬುತ್ತದೆ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ನಿಧಾನ ಹೋಗುತ್ತಿದ್ದು, ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಸುಮ್ನೆ ಇರುತ್ತದೆ, ಅಲ್ವಾ? ಅದೇ ಟರ್ಬೊ ಲ್ಯಾಗ್. ಎಂಜಿನ್ ಹೊಗೆ ಜಾಸ್ತಿಯಾಗಿ ಟರ್ಬೈನ್ ವೇಗ ಹಿಡಿಯುವವರೆಗೆ ಕಾಯಬೇಕು. ಹಾಗೆ ಕಾಯುವುದನ್ನು ತಪ್ಪಿಸಲು ಗಾಳಿ ತಳ್ಳುವುದಕ್ಕೆ ಎಲೆಕ್ಟ್ರಿಕ್ ಮೋಟಾರ್ ಇಡುತ್ತಾರೆ.

2016ರಲ್ಲಿ ಬಂದ ಆಡಿ ಎಸ್‌ಕ್ಯೂ7 ಡೀಸೆಲ್‌ನಲ್ಲಿ ಎರಡು ಟರ್ಬೊಗಳ ಜೊತೆ ಬೇರೆಯೇ ಒಂದು ಎಲೆಕ್ಟ್ರಿಕ್ ಕಂಪ್ರೆಸರ್ ಇತ್ತು. ಕಾಲು ಸೆಕೆಂಡಿನಲ್ಲಿ ನಿಮಿಷಕ್ಕೆ 70,000 ಸುತ್ತಿನ ವೇಗ! ಅದಕ್ಕೆ 7 ಕಿಲೋವಾಟ್ ಬೇಕು. 12 ವೋಲ್ಟಿನಲ್ಲಿ ಕೊಡಲು ಹೋದರೆ 580 ಆಂಪ್ ದಾಟುತ್ತದೆ. ನಮ್ಮ ಗಾಡಿಯ ವೈರಿಂಗ್ ಅದನ್ನು ತಾಳುತ್ತದಾ? ಅದಕ್ಕೇ ಅವರು 48 ವೋಲ್ಟ್ ಇಟ್ಟದ್ದು, ಆಗ ಸುಮಾರು 146 ಆಂಪ್ ಸಾಕು.

ಮರ್ಸಿಡಿಸ್-ಎಎಂಜಿ ಸಿ43ರಲ್ಲಿ ಸುಮಾರು 4 ಸೆಂ.ಮೀ. ಅಗಲದ ಮೋಟಾರ್ ಟರ್ಬೊ ಶಾಫ್ಟ್ ಮೇಲೆಯೇ ಕೂತಿದೆ. 2024ರ ಪೋರ್ಷೆ 911 ಜಿಟಿಎಸ್ ಇನ್ನೂ ಚಂದ: ಹೊಗೆಯ ಬಲದಿಂದ 11 ಕಿಲೋವಾಟ್‌ವರೆಗೆ ಕರೆಂಟ್ ಮಾಡುತ್ತದೆ, ಹೆಚ್ಚಾದ ಹೊಗೆಯನ್ನು ಟರ್ಬೈನ್‌ಗೆ ಹೋಗದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟೇ ಇಲ್ಲ. ರೇಟು ಮಾತ್ರ ಕೇಳಬೇಡಿ.

ಆರ್ಡರ್ ಮಾಡಿದವರು ಇವತ್ತೇ ಕ್ಯಾನ್ಸಲ್ ಮಾಡಿ. ಉಳಿದ ಪ್ರಶ್ನೆ ಭಾನುವಾರ ಬೆಳಿಗ್ಗೆ 7ಕ್ಕೆ, ಪಣಂಬೂರಿನಲ್ಲಿ. ಗೋಳಿಬಜೆ ಖರ್ಚು ಆ ಲಿಂಕ್ ಹಾಕಿದವರದ್ದು.