ಮಸಿ ಹಿಡಿದ ಸೀಬೆ, ಸೀತಾಫಲವನ್ನೂ ಇನ್ನು ಮೇಲೆ ಕಳಿಸುತ್ತೇವೆ

ಗ್ರಾಹಕರಿಗೆಲ್ಲ ನಮಸ್ಕಾರ.

ಬರುವ ವಾರದಿಂದ ನಿಮ್ಮ ಮನೆಗೆ ಬರುವ ಹಣ್ಣಿನ ಬಾಕ್ಸಿನಲ್ಲಿ ಕೆಲವು ಸೀಬೆ, ಸೀತಾಫಲದ ಸಿಪ್ಪೆ ಮೇಲೆ ಕಪ್ಪು ಮಸಿ ಕಾಣಬಹುದು. ಇಲ್ಲಿಯವರೆಗೆ ಅಂಥ ಹಣ್ಣನ್ನು ತೋಟದಲ್ಲೇ ಆರಿಸಿ ಜ್ಯೂಸಿನವರಿಗೆ ಕೊಡುತ್ತಿದ್ದೆವು. ಇನ್ನು ಬೇರೆ ಕವರಿನಲ್ಲಿ ಹಾಕಿ, ಕಿಲೋಗೆ 20 ರೂಪಾಯಿ ಕಮ್ಮಿಗೆ ಕೊಡುತ್ತೇವೆ. ಬೇಡ ಅನ್ನುವವರು ಆರ್ಡರ್ ಮಾಡುವಾಗ ಹೇಳಿದರೆ ಸಾಕು.

ಕಾಯಿ ಕಚ್ಚಿದ ಮೇಲೆ ರಾಸಾಯನಿಕ ಔಷಧಿ ಹೊಡೆಯುವುದು ಬೇಡ ಅಂತ ನಮ್ಮ ಸಂಘದ ರೈತರೆಲ್ಲ ಸೇರಿ ತೀರ್ಮಾನಿಸಿದ್ದಾರೆ. ಈ ಮಸಿ ಅದರ ಜೊತೆಗೇ ಬರುವಂಥದ್ದು.

ಮಸಿಗೆ ಮೂಲ ಗಿಡದ ರಸ ಹೀರುವ ಸಣ್ಣ ಹುಳುಗಳು. ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟು ತಿಗಣೆ, ಬಿಳಿ ನೊಣ, ಜಿಗಿಹುಳು ಇವೆಲ್ಲ ಎಲೆಯನ್ನು ಕಡಿದು ತಿನ್ನುವುದಿಲ್ಲ. ಸೂಜಿಯಂಥ ಬಾಯನ್ನು ಚಿಗುರಿಗೆ ಚುಚ್ಚಿ ರಸ ಹೀರುತ್ತವೆ. ಆ ರಸದಲ್ಲಿ ಸಕ್ಕರೆ ಜಾಸ್ತಿ, ಹುಳು ಬೆಳೆಯಲು ಬೇಕಾದ ಸಾರಜನಕ ಕಮ್ಮಿ. ಹಾಗಾಗಿ ಹೀರುತ್ತಲೇ ಇರಬೇಕು, ಮಿಕ್ಕ ಸಿಹಿಯನ್ನು ಹೊರಗೆ ಬಿಡುತ್ತಲೇ ಇರಬೇಕು. ಹೂ ಬಿಟ್ಟ ಮಾವಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಬಂದವರಿಗೆ ಸೀಟು ಅಂಟಂಟಾಗಿದ್ದು ನೆನಪಿರಬಹುದು, ಅಲ್ವಾ? ಅದು ಜಿಗಿಹುಳು ಬಿಟ್ಟ ಸಿಹಿ. ಅದರ ಮೇಲೆ ಬೆಳೆಯುವ ಬೂಸ್ಟೇ ಈ ಮಸಿ.

ಮರಕ್ಕೆ ನಷ್ಟ ಎರಡು ಕಡೆಯಿಂದ. ರಸ ಹೋಗಿ ಚಿಗುರು ಮುರುಟುತ್ತದೆ, ಹೂವು, ಎಳೆಗಾಯಿ ಉದುರುತ್ತದೆ. ಎಲೆ ಮೇಲೆ ಮಸಿ ಕೂತರೆ ಬಿಸಿಲು ತಾಗದೆ ಮರ ಸೊರಗುತ್ತದೆ. ಆದರೆ ಹಣ್ಣಿನ ಮಸಿ ಸಿಪ್ಪೆ ಮೇಲಷ್ಟೇ ಇರುತ್ತದೆ, ತಿರುಳಿಗೆ ಇಳಿಯುವುದಿಲ್ಲ.

ಔಷಧಿ ಹೊಡೆದರೆ ಆಗಲ್ವಾ ಅಂತ ಕೇಳಬಹುದು. ಹಿಟ್ಟು ತಿಗಣೆಯ ಮೈಮೇಲೆ ಮೇಣವಿದೆ, ಔಷಧಿ ಸುಲಭಕ್ಕೆ ತಾಗುವುದಿಲ್ಲ. ಸಾಯುವುದು ಅದನ್ನು ತಿನ್ನುವ ಗುಲಗಂಜಿ ಹುಳು (ಲೇಡಿಬರ್ಡ್). ಆಮೇಲೆ ತಿಗಣೆ ಇನ್ನೂ ಹೆಚ್ಚುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟು ತಿಗಣೆ ನಮ್ಮ ರಾಜ್ಯಕ್ಕೂ ಹಬ್ಬಿತ್ತು. ಅದನ್ನು ಹಿಡಿತಕ್ಕೆ ತಂದಿದ್ದು ಸಣ್ಣದೊಂದು ಕಣಜದ ಹುಳು. 2010ರಲ್ಲಿ ನಮ್ಮ ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆಯವರು ಪೋರ್ಟೊ ರಿಕೊದಿಂದ ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟರು. ಇಂಥ ಹುಳುಗಳು ನಮ್ಮ ತೋಟದಲ್ಲೂ ಉಳಿಯಬೇಕು ಅನ್ನುವುದೇ ನಮ್ಮ ಆಸೆ.

ಹಾಗಂತ ಸುಮ್ನೆ ಕೂತಿಲ್ಲ. ಹುಳು ಹೆಚ್ಚಾದ ಕೊಂಬೆಗೆ ಬೇವಿನ ಸೋಪಿನ ನೀರು ಸಿಂಪಡಿಸುತ್ತೇವೆ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು ರೂಪಿಸಿದ ಸೋಪು ಇದು. ಸಿಹಿಗೆ ಬರುವ ಇರುವೆಗಳು ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುತ್ತವೆ. ಅದಕ್ಕೇ ಕಾಂಡಕ್ಕೆ ಅಂಟಿನ ಪಟ್ಟಿ ಸುತ್ತಿದ್ದೇವೆ. ನೆಲಕ್ಕೆ ತಾಗುವ ಕೊಂಬೆಗಳನ್ನೂ ಸವರಿದ್ದೇವೆ, ಇಲ್ಲದಿದ್ದರೆ ಇರುವೆ ಆ ದಾರಿಯಲ್ಲಿ ಹತ್ತುತ್ತದೆ.

ಸೀಬೆಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಮಸಿ ಹೋಗುತ್ತದೆ. ಸೀತಾಫಲದ ಕಣ್ಣುಗಳ ಸಂದಿಯಲ್ಲಿ ಬಿಳಿ ಹಿಟ್ಟು ಕಂಡರೆ ನಲ್ಲಿ ನೀರಿನ ಕೆಳಗೆ ಹಳೆಯ ಬ್ರಷ್ಷಿನಿಂದ ಉಜ್ಜಿ. ತಿನ್ನುವ ಹೊತ್ತಿಗೆ ತೊಳೆದರೆ ಸಾಕು, ಮೊದಲೇ ತೊಳೆದಿಟ್ಟರೆ ಬೇಗ ಕೆಡುತ್ತದೆ. ಒಳಗೆ ಕೊಳೆತಿದ್ದರೆ ಫೋಟೋ ಕಳಿಸಿ, ಮುಂದಿನ ಬಾಕ್ಸಿನಲ್ಲಿ ಬದಲಿ ಹಣ್ಣು ಕೊಡುತ್ತೇವೆ.

ಇಂತಿ,
ಸಂಘದ ಹಣ್ಣು ಬೆಳೆಗಾರರ ಪರವಾಗಿ, ಬೆಂಗಳೂರು